ಹಳೆಯ ಕಂಪ್ಯೂಟರು ಪುಸ್ತಕಗಳ ಸಂರಕ್ಷಣೆ

ಈ ಸ್ಮಾರಕ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನಮ್ಮನ್ನು ಕೇಳಿಕೊಂಡಾಗ, ಸ್ತ್ರೀವಿದ್ಯಾಭ್ಯಾಸದ ಪ್ರಯೋಜನವನ್ನು ಕುರಿತೋ ಕಾಲದ ಬೆಲೆಯನ್ನು ಕುರಿತೋ ನಾಲ್ಕು ಮಾತುಗಳನ್ನು ಬರೆಯುವೆವೆಂದು ಅವರು ನಿರೀಕ್ಷಿಸಿದ್ದಿರಬೇಕು. ಆ ವಿಷಯಗಳನ್ನು ಕುರಿತು ಹಿಂದಿನ ಸಂಚಿಕೆಗಳಲ್ಲಿ ನಮಗಿಂತ ಹೆಚ್ಚಾಗಿ ಬಲ್ಲವರು ಬರೆದಿದ್ದಾರೆ. ಆದುದರಿಂದ ನಾವು ಈ ಸಲ ರದ್ದಿ ಕಾಗದದ ವಿಷಯವಾಗಿ ಬರೆಯಲು ಮನಸ್ಸು ಮಾಡಿದ್ದೇವೆ. ವಾಚಕಿಯರು ನಗಬಾರದು.

2023ನೆಯ ಇಸವಿಯ ಬೇಸಗೆಯ ರಜೆಯಲ್ಲಿ ನಮ್ಮ ಪಾಠಶಾಲೆಯ ಪುಸ್ತಕಭಂಡಾರದ ಮಗ್ಗುಲಿಗಿರುವ ಉಗ್ರಾಣದ ಕೋಣೆಯನ್ನು ವಿಜ್ಞಾನದ ಪ್ರಯೋಗಶಾಲೆಗಾಗಿ ತೆರವು ಮಾಡಬೇಕಾಯಿತು. ಮುರಿದ ಬೆಂಚುಗಳು, ಹರಿದ ಭೂಪಟಗಳು, ಕಾಲು ಹೋದ ಒಂದು ಹಾರ್ಮೋನಿಯಂ ಇವುಗಳ ಹಿಂದೆ ಒಂದು ಕಬ್ಬಿಣದ ಟ್ರಂಕು ಇದ್ದಿತು. ಕ್ಲಾಕ್ ಟವರಿನ ಕಡೆಯ ರದ್ದಿ ಅಂಗಡಿಯವನು ಅದಾಗಲೇ ತಕ್ಕಡಿಯೊಡನೆ ಬಂದು ನಿಂತಿದ್ದನು. ಟ್ರಂಕಿನಲ್ಲಿದ್ದ ಕಾಗದವು ನಲವತ್ತೊಂದು ಕಿಲೋ ತೂಗಿತು. ನಮ್ಮ ಜವಾನನಿಗೆ ಆ ಬೆಲೆಯು ಸಮಾಧಾನಕರವಾಗಿ ತೋರಿದುದರಿಂದ, ಹಣವನ್ನು ಎಣಿಸುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ನಾವು ಮೇಲಣ ಪುಸ್ತಕವನ್ನು ತೆಗೆದು ನೋಡಿದೆವು. ತಂತಿಯ ಸುರುಳಿಯಿಂದ ಹೊಲಿದ ಆ ದಪ್ಪ ಪುಸ್ತಕವನ್ನು ನಾವು ಹದಿಮೂರನೆಯ ವಯಸ್ಸಿನಲ್ಲಿ ಮುಟ್ಟಿದ್ದೆವು. ಅಂಗಡಿಯವನನ್ನು ಬರಿಗೈಯಲ್ಲಿ ಕಳುಹಿಸಲಾಗದೆ ಮುರಿದ ಬೆಂಚುಗಳ ಕಬ್ಬಿಣವನ್ನು ಕೊಟ್ಟು ಕಳುಹಿಸಿದೆವು.

ಅದು ಬಿ.ಬಿ.ಸಿ. ಮೈಕ್ರೋ ಎಂಬ ಚಿಕ್ಕ ಕಂಪ್ಯೂಟರಿನೊಡನೆ ಕೊಡಲ್ಪಡುತ್ತಿದ್ದ ಕೈಪಿಡಿ. ಜಾನ್ ಕಾಲ್ ಎಂಬವರು ಬರೆದದ್ದು. ಈಗಿನ ಬಾಲಿಕೆಯರಿಗೆ ಈ ಹೆಸರುಗಳು ತಿಳಿಯವಾದುದರಿಂದ ಸ್ವಲ್ಪ ವಿವರಿಸುತ್ತೇವೆ. ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ಏಕಾರ್ನ್ ಎಂಬ ಕಂಪೆನಿಯವರು ಬಿ.ಬಿ.ಸಿ. ಆಕಾಶವಾಣಿ ಸಂಸ್ಥೆಯ ಕಂಪ್ಯೂಟರು ಶಿಕ್ಷಣದ ಕಾರ್ಯಕ್ರಮಕ್ಕಾಗಿ 1981ನೆಯ ಇಸವಿಯ ಕೊನೆಯಲ್ಲಿ ಈ ಯಂತ್ರವನ್ನು ಹೊರತಂದರು. ಅದರ ಜ್ಞಾಪಕಶಕ್ತಿ 32 ಕಿಲೋಬೈಟು, ಅಂದರೆ 32,768 ಅಕ್ಷರಗಳು. ಒಂದು ಪುಟಕ್ಕೆ ಒಂದೂವರೆ ಸಾವಿರ ಅಕ್ಷರಗಳೆಂದು ಹಿಡಿದರೆ ಇಪ್ಪತ್ತೆರಡು ಪುಟಗಳಿಗೂ ಕಡಿಮೆ. ಇಂದು ನಮ್ಮ ಅಡಿಗೆಯವಳ ಕೈಯಲ್ಲಿರುವ ಟೆಲಿಫೋನು ಇದರ ಲಕ್ಷಪಾಲು ಹೆಚ್ಚನ್ನು ನೆನಪಿಟ್ಟುಕೊಳ್ಳುತ್ತದೆ. ಹೀಗಿದ್ದರೂ 1984–85ರಲ್ಲಿ ಭಾರತ ಸರ್ಕಾರದವರು 'ಕ್ಲಾಸ್' ಎಂಬ ಸಂಕ್ಷಿಪ್ತ ನಾಮದ ಯೋಜನೆಯನ್ನು ತೊಡಗಿ, ಮೊದಲ ವರ್ಷ ದೇಶದ ಸುಮಾರು 250 ಪಾಠಶಾಲೆಗಳಲ್ಲಿ ಈ ಯಂತ್ರದಿಂದಲೇ ಕಂಪ್ಯೂಟರು ಪಾಠವನ್ನು ಆರಂಭಿಸಿದರು. ಅದು ಕ್ರಮೇಣ ಎರಡು ಸಾವಿರಕ್ಕೂ ಮೇಲ್ಪಟ್ಟ ಪಾಠಶಾಲೆಗಳಿಗೆ ಹಬ್ಬಿತು. ಅದೇ ದಶಕದಲ್ಲಿ ಪುಣೆಯ ಡೆಸಿಬೆಲ್ಸ್ ಎಂಬ ಕಂಪೆನಿಯವರು ಸಿಂಕ್ಲೇರ್ ಸ್ಪೆಕ್ಟ್ರಂ ಎಂಬ ಇನ್ನೂ ಚಿಕ್ಕ ಯಂತ್ರವನ್ನು ಪರವಾನಗಿ ಪಡೆದು ಮಾರುತ್ತಿದ್ದರು. ಇವುಗಳನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ, ಹಾಡು ಕೇಳುವ ಕ್ಯಾಸೆಟ್ಟಿನಲ್ಲಿಯೇ ಲೆಕ್ಕಾಚಾರವನ್ನು ಶೇಖರಿಸಿಡುತ್ತಿದ್ದರು.

ನಮ್ಮ ಪಾಠಶಾಲೆಯು ಆ 250ರಲ್ಲಿ ಸೇರಿರಲಿಲ್ಲ. ನಮಗೆ ಯಂತ್ರವು ದೊರೆತದ್ದು ತಡವಾಗಿ, 1991ರಲ್ಲಿ, ಬೆಂಗಳೂರಿನ ಹಿತೈಷಿಗಳೊಬ್ಬರ ದಾನವಾಗಿ. ಆ ಹೊತ್ತಿಗೆ ಹೊರಗಿನ ಪ್ರಪಂಚವು ಅದನ್ನು ಹಳೆಯದೆಂದು ಕೈಬಿಡಲು ಆರಂಭಿಸಿತ್ತು. ಇದನ್ನು ನಾವು ದೂರಾಗಿ ಹೇಳುತ್ತಿಲ್ಲ. ಹಳೆಯದೆಂದು ಬಂದುದರಿಂದಲೇ ಅದರೊಡನೆ ಎರಡು ಚೀಲ ಪುಸ್ತಕಗಳೂ ಬಂದವು. ಹೊಸ ಯಂತ್ರವಾಗಿದ್ದರೆ ಅಷ್ಟು ಬರುತ್ತಿರಲಿಲ್ಲ.

ಟ್ರಂಕಿನಲ್ಲಿ ಕೈಪಿಡಿಯಲ್ಲದೆ ಮಕ್ಕಳಿಗಾಗಿ ಬರೆದ ಆರೇಳು ಇಂಗ್ಲಿಷು ಪುಸ್ತಕಗಳು, ಸ್ಪೆಕ್ಟ್ರಂ ಯಂತ್ರದ ಒಂದು ಕೈಪಿಡಿ, 'ಬಾಲವಿಜ್ಞಾನ' ಪತ್ರಿಕೆಯ ಹಳೆಯ ಸಂಚಿಕೆಗಳ ಒಂದು ಕಟ್ಟು, ಅಂಚಿನಲ್ಲಿ ತೂತುಗಳುಳ್ಳ ಉದ್ದನೆಯ ಅಚ್ಚಿನ ಕಾಗದದ ಮಡಿಕೆಗಳು, ಹದಿನಾಲ್ಕು ಕ್ಯಾಸೆಟ್ಟುಗಳು, ನಂತರದ ವರ್ಷಗಳ ಫ್ಲಾಪಿಗಳ ಒಂದು ಡಬ್ಬಿ, ಇವುಗಳೆಲ್ಲದರ ತಳದಲ್ಲಿ ಲೆಕ್ಕದ ಅಂಗಡಿಗಳಲ್ಲಿ ಬಳಸುವಂಥ ಕೆಂಪು ಬಟ್ಟೆಯ ರಟ್ಟಿನ ಒಂದು ಉದ್ದನೆಯ ಪುಸ್ತಕ ಇದ್ದವು. ಈ ಕಡೆಯದನ್ನು ಕುರಿತೇ ನಾವು ಮುಖ್ಯವಾಗಿ ಹೇಳಬೇಕಾಗಿದೆ.

ಅದು ನಮ್ಮ ಗಣಿತದ ಉಪಾಧ್ಯಾಯಿನಿಯವರ ಕೈಬರಹ. ಅವರ ಹೆಸರನ್ನು ಅಚ್ಚು ಹಾಕಕೂಡದೆಂದು ಅವರೇ ಕಟ್ಟಪ್ಪಣೆ ಮಾಡಿರುವುದರಿಂದ ಇಲ್ಲಿ ಹೇಳುವುದಿಲ್ಲ. ಹಳೆಯ ವಿದ್ಯಾರ್ಥಿನಿಯರಿಗೆ ಹೇಳಬೇಕಾದುದೂ ಇಲ್ಲ. ಇಂಗ್ಲಿಷು ಕೈಪಿಡಿಯು ನಮ್ಮ ತರಗತಿಯ ಬಾಲಿಕೆಯರಿಗೆ ಅರ್ಥವಾಗುತ್ತಿರಲಿಲ್ಲವಾದ ಕಾರಣ ಅವರು ರಾತ್ರಿ ಕುಳಿತು ಪಾಠಗಳನ್ನು ಕನ್ನಡದಲ್ಲಿ ಬರೆದುಕೊಂಡು ಬರುತ್ತಿದ್ದರು. ಭಾಷಾಂತರ ಮಾಡಿದರೆಂದು ಹೇಳುವುದು ಸಾಲದು. ಒಂದು ಕೆಲಸವನ್ನು ಇಷ್ಟು ಸಲ ಮಾಡೆಂದು ಯಂತ್ರಕ್ಕೆ ಅಪ್ಪಣೆ ಕೊಡುವ ಕ್ರಮವನ್ನು ಅವರು ಕಪಿಲೆಯ ಬಾವಿಯ ದೃಷ್ಟಾಂತದಿಂದ ವಿವರಿಸಿದ್ದಾರೆ: ಎತ್ತುಗಳು ಇಳಿಜಾರಿನಲ್ಲಿ ಇಳಿದು ಹಿಂದುಹಿಂದಾಗಿ ಮೇಲೇರಿದರೆ ಒಂದು ಬಾನಿ, ಮಡಿಯು ತುಂಬುವುದಕ್ಕೆ ಎಷ್ಟು ಬಾನಿ ಬೇಕೋ ಅಷ್ಟನ್ನು ಎಣಿಸಿ ನಿಲ್ಲಿಸುವುದು ರೈತನ ಕೆಲಸ, ಇಲ್ಲಿ 'ನೆಕ್ಸ್ಟ್' ಎಂಬ ಮಾತಿನ ಕೆಲಸ. ಅಂಕಿಯನ್ನು ಇಟ್ಟುಕೊಳ್ಳುವ ಹೆಸರುಗಳು ಅಡಿಗೆಮನೆಯ ಡಬ್ಬಿಗಳು. ಮೆಂತ್ಯವೆಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಇಂದು ಸಾಸಿವೆ ಇರಬಹುದು, ಚೀಟಿ ಮಾತ್ರ ಹಾಗೆಯೇ ಇರುತ್ತದೆ. ಮುಳಬಾಗಿಲು ಶ್ರೀನಿವಾಸಪುರಗಳ ಕಡೆಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ಹುಡುಗಿಯರಿಗೆ ಮನೆಯ ಮಾತು ತೆಲುಗು. ಅವರಿಗಾಗಿ 'ಗೋಟು 10' ಎಂಬ ಆಜ್ಞೆಯ ಪಕ್ಕದಲ್ಲಿ ಕನ್ನಡ ಲಿಪಿಯಲ್ಲಿಯೇ 'ಮಳ್ಳೀ ಪದಿಕಿ ಪೋ' ಎಂದು ಬರೆದಿದ್ದಾರೆ. ಆಜ್ಞೆಯಲ್ಲಿ ಏನಾದರೂ ತಪ್ಪಿದರೆ ಆ ಯಂತ್ರವು ಪರದೆಯ ಮೇಲೆ 'ಮಿಸ್ಟೇಕ್' ಎಂದು ತೋರಿಸುತ್ತಿತ್ತು. ಕೆಲವು ಹುಡುಗಿಯರು ಅದನ್ನು ಬೈಗುಳವೆಂದು ತಿಳಿದು ಅಳುತ್ತಿದ್ದುದರಿಂದ, 'ಇದು ಬೈಯುವುದಲ್ಲ, ಕೇಳುವುದು' ಎಂದು ಒಂದು ಪುಟದ ತಲೆಯಲ್ಲಿ ಕೆಂಪು ಮಸಿಯಲ್ಲಿ ಬರೆದಿದ್ದಾರೆ.

ಇದಲ್ಲದೆ ಆ ಪುಸ್ತಕದ ನಡುವೆ ಮೂವತ್ತಕ್ಕೂ ಹೆಚ್ಚು ಪುಟಗಳಲ್ಲಿ ಚೌಕುಳಿ ಕಾಗದವನ್ನು ಅಂಟಿಸಿದೆ. ಆ ಯಂತ್ರದ ಪರದೆಯಲ್ಲಿ ಕಾಣುವ ಒಂದೊಂದು ಅಕ್ಷರವೂ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು, ಒಟ್ಟು 64 ಮನೆಗಳ ಚೌಕ. ನಮಗೆ ಬೇಕಾದ ಆಕಾರವನ್ನು ಅದರಲ್ಲಿ ತುಂಬಿ ಯಂತ್ರಕ್ಕೆ ಹೊಸ ಅಕ್ಷರವನ್ನು ಕಲಿಸುವುದಕ್ಕೆ ಅವಕಾಶವಿದ್ದಿತು. ಪ್ರತಿ ಸಾಲಿನ ಎಂಟು ಮನೆಗಳಿಗೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬೆಲೆ. ತುಂಬಿದ ಮನೆಗಳ ಬೆಲೆಯನ್ನು ಕೂಡಿದರೆ ಆ ಸಾಲಿನ ಅಂಕಿ. ಎಂಟು ಸಾಲಿನ ಎಂಟು ಅಂಕಿಗಳನ್ನು 'ವಿ.ಡಿ.ಯು. 23' ಎಂಬ ಆಜ್ಞೆಯೊಡನೆ ಕೊಟ್ಟರೆ ಅಕ್ಷರವು ಸಿದ್ಧ. ರಂಗವಲ್ಲಿಯ ಚುಕ್ಕಿಗಳನ್ನು ಎಣಿಸಬಲ್ಲ ಹುಡುಗಿಗೆ ಇದು ಕಷ್ಟವಲ್ಲ. ನಮ್ಮ ಉಪಾಧ್ಯಾಯಿನಿಯವರು ಹೀಗೆ ಕನ್ನಡ ಅಕ್ಷರಮಾಲೆಯನ್ನು ಕಟ್ಟಲು ಹೊರಟರು. 'ರ', 'ಗ', 'ದ' ಇವು ಬೇಗನೆ ಬಂದವು. 'ಈ' ಅಕ್ಷರಕ್ಕೆ ಮೂರು ಚೌಕಗಳು ಹೊಡೆದುಹಾಕಲ್ಪಟ್ಟಿವೆ. ಒತ್ತಕ್ಷರಗಳಿಗಾಗಿ ಕೆಳಗೆ ಇನ್ನೊಂದು ಚೌಕವನ್ನು ಜೋಡಿಸಿದ್ದಾರೆ. ಒಂದು ಪುಟದ ಅಡಿಯಲ್ಲಿ 'ಕ್ಷ ಹಿಡಿಸಲಿಲ್ಲ' ಎಂದಷ್ಟೇ ಇದೆ. ಕೋಲಾರದ ಒಂದು ಪಾಠಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿಯು ಯಾರ ಅಪ್ಪಣೆಯೂ ಇಲ್ಲದೆ, ಸಂಬಳವಿಲ್ಲದ ಹೊತ್ತಿನಲ್ಲಿ, ಪರದೆಯ ಮೇಲೆ ಕನ್ನಡವನ್ನು ಕಾಣಿಸಿದ ಕೆಲಸ ಇದು. ಅವರಿಗೆ ತಿಳಿಯದೆ ಹೊರಗಡೆ ಶ್ರೀಮಾನ್ ಕೆ. ಪಿ. ರಾವ್‌ರವರು ಕನ್ನಡದ ಕೀಲಿಮಣೆಗೆ ಕ್ರಮವನ್ನು ಹಾಕುತ್ತಿದ್ದರು. ಮುಂದೆ ಡಾಕ್ಟರ್ ಯು. ಬಿ. ಪವನಜರವರು ಮಕ್ಕಳು ಕಲಿಯುವ ಲೋಗೋ ಎಂಬ ಆಜ್ಞಾಭಾಷೆಯನ್ನು ಕನ್ನಡಕ್ಕೆ ತಂದರು. ಅವರ ಹೆಸರುಗಳು ಚರಿತ್ರೆಯಲ್ಲಿ ನಿಲ್ಲುವುವು, ನಿಲ್ಲಲೂ ಬೇಕು. ಕೆಂಪು ಬಟ್ಟೆಯ ಪುಸ್ತಕಕ್ಕೆ ಮಾತ್ರ ನಲವತ್ತೊಂದು ಕಿಲೋದಲ್ಲಿ ಒಂದು ಪಾಲು ಎಂಬ ಬೆಲೆಯೇ ಗೊತ್ತಾಗುತ್ತಿತ್ತು.

ನಮ್ಮ ವಿಜ್ಞಾನದ ಉಪಾಧ್ಯಾಯಿನಿಯವರು ಒಂದು ಆಕ್ಷೇಪಣೆಯನ್ನು ತಂದರು. ಅದು ನ್ಯಾಯವಾದದ್ದೆಂದು ಒಪ್ಪಬೇಕು. ಈ ಯಂತ್ರದ ಕೈಪಿಡಿಯೂ ಮಕ್ಕಳ ಪುಸ್ತಕಗಳೂ ಈಗಾಗಲೇ ಅಂತರ್ಜಾಲದಲ್ಲಿವೆ, ನಾವು ಅವುಗಳಿಗಾಗಿ ಬೀರುವನ್ನು ಏಕೆ ತುಂಬಬೇಕು, ಎಂಬುದು ಅವರ ಪ್ರಶ್ನೆ. ಹುಡುಕಿ ನೋಡಲಾಗಿ ಅವರ ಮಾತು ನಿಜವಾಯಿತು. 1996ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಸ್ಥಾಪಿಸಿದ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರದಲ್ಲಿ ಆ ಕಾಲದ ಕಂಪ್ಯೂಟರು ಪುಸ್ತಕಗಳೂ ಮಾಸಪತ್ರಿಕೆಗಳೂ ಸಾವಿರಾರು ಇವೆ. ಕೇಂಬ್ರಿಜಿನ ಕಂಪ್ಯೂಟರು ಚರಿತ್ರೆಯ ವಸ್ತುಸಂಗ್ರಹಾಲಯದವರು ಏಕಾರ್ನ್ ಕಂಪೆನಿಯ ಕಾಗದಪತ್ರಗಳನ್ನು ಕೂಡಿಸಿಟ್ಟಿದ್ದಾರೆ. ಲಂಡನ್ನಿನ ಅಸ್ಬೋರ್ನ್ ಪ್ರಕಾಶಕರಂತೂ ತಾವು 1980ರ ದಶಕದಲ್ಲಿ ಮಕ್ಕಳಿಗಾಗಿ ಅಚ್ಚು ಹಾಕಿದ್ದ ಕಂಪ್ಯೂಟರು ಪುಸ್ತಕಗಳಲ್ಲಿ ಹಲವನ್ನು ಉಚಿತವಾಗಿ ಓದಿಕೊಳ್ಳಲು ತಾವೇ ಬಿಟ್ಟುಕೊಟ್ಟಿದ್ದಾರೆ. ಆದುದರಿಂದ ನಾವು ಒಂದು ನಿಯಮವನ್ನು ಮಾಡಿಕೊಂಡೆವು. ಬೇರೆ ಕಡೆ ಚೆನ್ನಾಗಿ ಉಳಿದಿರುವುದಕ್ಕೆ ನಮ್ಮ ಬಾಲಿಕೆಯರ ಶ್ರಮವನ್ನು ಖರ್ಚು ಮಾಡತಕ್ಕದ್ದಲ್ಲ. ಒಂದು ಪ್ರತಿಯನ್ನು ಧೂಳು ಬೀಳದಂತೆ ಇಟ್ಟರೆ ಸಾಕು. ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲದ್ದನ್ನು ಮಾತ್ರ ಕಣ್ಣಿನಂತೆ ಕಾಯಬೇಕು. ಈ ನಿಯಮದ ಪ್ರಕಾರ ಕೈಪಿಡಿಯು ಒಡನೆಯೇ ಎರಡನೆಯ ಸಾಲಿಗೆ ಹೋಯಿತು. ಮಾರನೆಯ ದಿನ ಅದನ್ನು ಬಿಡಿಸಿ ನೋಡಿದರೆ ಅಂಚುಗಳ ತುಂಬ ಪೆನ್ಸಿಲಿನ ಕನ್ನಡ ಟಿಪ್ಪಣಿಗಳು! ಮತ್ತೆ ಮೊದಲ ಸಾಲಿಗೆ ಬಂದಿತು.

ಬರಹವು ಉಳಿಯುವುದು ಅದನ್ನು ಬರೆದ ವಸ್ತುವಿನ ಬಲದಿಂದ ಮಾತ್ರವೆಂದು ತಿಳಿಯುವುದು ಸಹಜ. ನಮ್ಮ ಊರಿನ ಕೋಲಾರಮ್ಮನ ಗುಡಿಯಲ್ಲಿ 11ನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನಗಳು ಕಲ್ಲಿನಲ್ಲಿವೆ. ಅವು ಕಲ್ಲೆಂಬ ಕಾರಣದಿಂದ ನಿಂತವು. ಆದರೆ ಅವುಗಳಲ್ಲಿ ಏನಿದೆಯೆಂಬುದನ್ನು ನಾವು ಮನೆಯಲ್ಲಿ ಕುಳಿತು ಓದಬಲ್ಲುದು, ಬಿ. ಎಲ್. ರೈಸ್ ಸಾಹೇಬರು ಊರೂರಿನ ಶಾಸನಗಳನ್ನು ಪ್ರತಿಮಾಡಿಸಿ ಕೋಲಾರ ಜಿಲ್ಲೆಯ ಸಂಪುಟವನ್ನು 1905ರಲ್ಲಿ ಅಚ್ಚು ಹಾಕಿಸಿದುದರಿಂದ. ಆ ಮೇಲೆ ಎಷ್ಟೋ ಕಲ್ಲುಗಳು ಸೇತುವೆಗೂ ಅಗಸೆಬಾಗಿಲಿಗೂ ಸೇರಿ ಮಾಯವಾಗಿವೆ, ಸಂಪುಟದಲ್ಲಿ ಮಾತ್ರ ಉಳಿದಿವೆ.

ಇದಕ್ಕೆ ವಿಪರ್ಯಾಸವಾದ ಇನ್ನೊಂದು ದೃಷ್ಟಾಂತವು ಇದೇ ಬಿ.ಬಿ.ಸಿ. ಯಂತ್ರದ ಚರಿತ್ರೆಯಲ್ಲಿಯೇ ಇದೆ. ಇಂಗ್ಲೆಂಡಿನ ದೊರೆಯು 1086ರಲ್ಲಿ ತನ್ನ ರಾಜ್ಯದ ಹೊಲಮನೆಗಳ ಲೆಕ್ಕವನ್ನು ಚರ್ಮದ ಹಾಳೆಗಳ ಮೇಲೆ ಬರೆಯಿಸಿದನು. ಡೂಮ್ಸ್‌ಡೇ ಪುಸ್ತಕವೆಂದು ಅದಕ್ಕೆ ಹೆಸರು. ಅದಕ್ಕೆ 900 ವರ್ಷಗಳು ತುಂಬಿದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ.ಯವರು ಹೊಸದೊಂದು ಡೂಮ್ಸ್‌ಡೇ ಸಂಗ್ರಹವನ್ನು ಮಾಡಿದರು. ಆ ದೇಶದ ಸಾವಿರಾರು ಪಾಠಶಾಲೆಗಳ ಮಕ್ಕಳು ತಮ್ಮ ತಮ್ಮ ಊರಿನ ಅಂಗಡಿ, ಹೊಲ, ಊಟ, ಆಟಗಳನ್ನು ಕುರಿತು ಬರೆದು ಕಳುಹಿಸಿದರು. ಹತ್ತು ಲಕ್ಷ ಜನರು ಕೈಹಾಕಿದ ಆ ಕೆಲಸವನ್ನು ಊಟದ ತಟ್ಟೆಯಷ್ಟು ಅಗಲವಾದ ಎರಡು ಹೊಳೆಯುವ ಬಿಲ್ಲೆಗಳಲ್ಲಿ ತುಂಬಿದರು. ಅವುಗಳನ್ನು ಓದುವ ಯಂತ್ರವು ಬಹಳ ದುಬಾರಿಯಾಗಿದ್ದುದರಿಂದ, ಬರೆದ ಮಕ್ಕಳ ಪಾಠಶಾಲೆಗಳೇ ಅದನ್ನು ಕೊಳ್ಳಲಾರದೆ ಹೋದವು. ಹದಿನಾರು ವರ್ಷಗಳೊಳಗಾಗಿ ಅದನ್ನು ಓದುವ ಯಂತ್ರಗಳು ಸಿಕ್ಕುವುದೇ ಅಪರೂಪವಾಗಿ, 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಪಂಡಿತರು ಬಹು ಪ್ರಯಾಸದಿಂದ, ಹೊಸ ಕಂಪ್ಯೂಟರು ಹಳೆಯದರ ವೇಷವನ್ನು ಹಾಕುವಂತೆ ಮಾಡಿ, ಆ ಬರಹಗಳನ್ನು ಹೊರತೆಗೆಯಬೇಕಾಯಿತು. 1086ರ ಚರ್ಮದ ಪುಸ್ತಕವನ್ನಾದರೋ ಲ್ಯಾಟಿನ್ ಬಲ್ಲವರು ಇಂದಿಗೂ ಸುಮ್ಮನೆ ಬಿಡಿಸಿ ಓದುತ್ತಾರೆ. ಈ ಕಥೆಯನ್ನು ನಮ್ಮ ಒಂಬತ್ತನೆಯ ತರಗತಿಗೆ ಹೇಳಿದಾಗ ಒಬ್ಬ ಹುಡುಗಿ, 'ಹಾಗಾದರೆ ಅಮ್ಮಾ, ನಮ್ಮ ಫೋನಿನಲ್ಲಿರುವ ಫೋಟೋಗಳ ಗತಿಯೇನು?' ಎಂದು ಕೇಳಿದಳು. ಅದಕ್ಕೆ ನಾವು ಇನ್ನೂ ಉತ್ತರವನ್ನು ಹುಡುಕುತ್ತಿದ್ದೇವೆ.

ಇನ್ನು ಕೆಲಸದ ವಿಷಯ. ನಮ್ಮಲ್ಲಿ ಹಣವಿಲ್ಲ, ಶನಿವಾರದ ಮಧ್ಯಾಹ್ನಗಳೂ ಎಂಟು ಮಂದಿ ಹುಡುಗಿಯರೂ ಇದ್ದರು. ಮೊದಲನೆಯದಾಗಿ, ಎಲ್ಲವನ್ನೂ ನೆರಳಿನಲ್ಲಿ ಗಾಳಿಗೆ ಹರಡಿದೆವು. ಬಿಸಿಲಿಗೆ ಹಾಕಿದರೆ ಹುಳುಗಳು ಹೋಗುವುವೆಂದು ಹಳಬರು ಹೇಳುವುದುಂಟು, ಅಗ್ಗದ ಕಾಗದಕ್ಕೆ ಬಿಸಿಲೇ ಹುಳುವಿಗಿಂತ ಕೆಟ್ಟದ್ದು. ಮರದ ತಿರುಳಿನಿಂದ ಮಾಡಿದ ಅಂಥ ಕಾಗದದಲ್ಲಿ ಹುಟ್ಟಿನಿಂದಲೇ ಆಮ್ಲವಿರುತ್ತದೆ. ಬೆಳಕೂ ಸೆಕೆಯೂ ತಗುಲಿದಂತೆ ಅದು ಹಳದಿಯಾಗಿ, ಬಳಿಕ ಹಪ್ಪಳದಂತೆ ಮುರಿಯುತ್ತದೆ. ಮೆತ್ತನೆಯ ಬಣ್ಣದ ಕುಂಚದಿಂದ ಧೂಳನ್ನು ಒಳಗಿನಿಂದ ಅಂಚಿನ ಕಡೆಗೆ ಒರೆಸಿದೆವು. ತುಕ್ಕು ಹಿಡಿದ ಪಿನ್ನುಗಳನ್ನು ಎಳೆಯದೆ, ಹಿಂಬದಿಯ ಕಾಲುಗಳನ್ನು ಬಿಡಿಸಿ ತೆಗೆದೆವು. ಹರಿದ ಕಡೆಗೆ ಗಾಜಿನಂಥ ಅಂಟುಪಟ್ಟಿಯನ್ನು ಹಚ್ಚಲು ಕೈ ಹೋಗುತ್ತದೆ. ಅದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆವು, ಏಕೆಂದರೆ ಕೆಲವು ವರ್ಷಗಳಲ್ಲಿ ಅಂಟು ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಪಟ್ಟಿಯು ಉದುರಿಹೋಗುತ್ತದೆ. ಪ್ಲಾಸ್ಟಿಕ್ಕಿನ ಹೊದಿಕೆಗಳನ್ನೂ ತೆಗೆದೆವು. ಅಚ್ಚಿನ ಮಸಿಯು ಅವುಗಳಿಗೆ ಅಂಟಿಕೊಂಡು ಒಂದು ಪುಸ್ತಕದ ಚಿತ್ರವೇ ಹೊದಿಕೆಯ ಮೇಲೆ ಬಂದಿತ್ತು. ಲ್ಯಾಮಿನೇಷನ್ ಮಾಡಿಸಿದರೆ ಶಾಶ್ವತವಾಗಿ ಉಳಿಯುವುದೆಂದು ಪೋಷಕರೊಬ್ಬರು ದಯೆಯಿಂದ ಹಣವನ್ನು ಕೊಡಲು ಬಂದರು. ಅವರಿಗೆ ಉಪಕಾರವನ್ನು ಹೇಳಿ ಆ ಹಣದಿಂದ ಆಮ್ಲವಿಲ್ಲದ ಕಾಗದದ ಲಕೋಟೆಗಳನ್ನು ಕೊಂಡೆವು. ದಫ್ತರುಗಳನ್ನು ಕಟ್ಟಲು ಹಿಂದಿನ ಕಚೇರಿಗಳಲ್ಲಿ ಬಳಸುತ್ತಿದ್ದ ಕೋರಾ ಬಟ್ಟೆಯ ರುಮಾಲುಗಳನ್ನು ಒಗೆದು ಗಂಜಿ ಹಾಕದೆ ಬಳಸಿದೆವು. ಗಂಜಿಯೇ ಹುಳುಗಳಿಗೆ ಔತಣ. ಬೀರುವಿನ ಮೂಲೆಯಲ್ಲಿ ಬಜೆಯ ಬೇರನ್ನು ಇಟ್ಟಿದ್ದೇವೆ; ಅದರಿಂದ ಏನೂ ಆಗದೆಂದು ವಿಜ್ಞಾನದ ಉಪಾಧ್ಯಾಯಿನಿಯವರ ಅಭಿಪ್ರಾಯ, ವಾಸನೆ ಚೆನ್ನಾಗಿದೆಯೆಂದು ನಮ್ಮದು.

ಅನಂತರ ಪ್ರತಿಬಿಂಬಗಳನ್ನು ತೆಗೆಯುವುದು. ಪುಸ್ತಕವನ್ನು ಗಾಜಿನ ಮೇಲೆ ಕವುಚಿ ಒತ್ತಿದರೆ ಬೆನ್ನು ಮುರಿಯುತ್ತದೆ. ಆದುದರಿಂದ ಎರಡು ದಿಂಬುಗಳ ನಡುವೆ ಅರೆತೆರೆದು ಇಟ್ಟು, ಮೇಲಿನಿಂದ ಕ್ಯಾಮರಾದಲ್ಲಿ ಹಿಡಿದೆವು. ಅಂಗುಲಕ್ಕೆ 400 ಚುಕ್ಕಿಗಳಿಗೆ ಕಡಿಮೆಯಾಗದಂತೆ ನೋಡಿಕೊಂಡೆವು. ಪೆನ್ಸಿಲಿನ ಬರಹವು ಅದಕ್ಕಿಂತ ಕಡಿಮೆಯಲ್ಲಿ ಮಂಕಾಗುತ್ತದೆ. ಖಾಲಿ ಪುಟವನ್ನೂ ಬಿಡಲಿಲ್ಲ. ಬೆಂಗಳೂರಿನಲ್ಲಿ 'ಸರ್ವೆಂಟ್ಸ್ ಆಫ್ ನಾಲೆಜ್' ಎಂಬ ಸ್ವಯಂಸೇವಕರ ಬಳಗವು ಹಳೆಯ ಕನ್ನಡ ಪುಸ್ತಕಗಳನ್ನು ಇದೇ ವಿಧವಾಗಿ ಪ್ರತಿಬಿಂಬಿಸಿ ಇಂಟರ್ನೆಟ್ ಆರ್ಕೈವಿಗೆ ಸೇರಿಸುತ್ತಿರುವುದು ವಾಚಕಿಯರಲ್ಲಿ ಅನೇಕರಿಗೆ ತಿಳಿದಿರಬಹುದು. ಅವರ ಕೆಲಸವನ್ನು ನೋಡಿಯೇ ನಮಗೆ ಧೈರ್ಯ ಬಂದದ್ದು. ಪ್ರತಿಗಳನ್ನು ಮೂರು ಕಡೆ ಇಟ್ಟಿದ್ದೇವೆ. ಅವುಗಳಲ್ಲಿ ಒಂದು ಕೋಲಾರದಿಂದ ಹೊರಗೆ, ಮಾಲೂರಿನಲ್ಲಿ. ಒಂದೇ ಬೀರುವಿನಲ್ಲಿರುವ ಮೂರು ಪ್ರತಿಗಳು ಗೆದ್ದಲಿಗೂ ಬೆಂಕಿಗೂ ಒಂದೇ ಪ್ರತಿಯ ಸಮಾನ.

ಕ್ಯಾಸೆಟ್ಟುಗಳ ಕೆಲಸ ಬೇರೆ ಜಾತಿಯದು. ಆ ಯಂತ್ರವು ಲೆಕ್ಕಾಚಾರವನ್ನು ಶಬ್ದವಾಗಿ ಮಾರ್ಪಡಿಸಿ ಟೇಪಿನಲ್ಲಿ ಬರೆಯುತ್ತಿತ್ತು. ಸೆಕೆಂಡಿಗೆ 1,200 ಅಲೆಗಳ ಒಂದು ಸ್ವರವು ಸೊನ್ನೆ, 2,400 ಅಲೆಗಳ ಸ್ವರವು ಒಂದು. ಹೀಗೆ ಸೆಕೆಂಡಿಗೆ ಸುಮಾರು 120 ಅಕ್ಷರಗಳು ಹೋಗುತ್ತಿದ್ದವು. ಕಿವಿಗೆ ಅದು ಜೀರುಂಡೆಯ ಕೂಗಿನಂತೆ ಕೇಳುತ್ತದೆ. ಆ ಕೂಗನ್ನು ಟೇಪ್ ರೆಕಾರ್ಡರಿನಿಂದ ಈಗಿನ ಕಂಪ್ಯೂಟರಿಗೆ ಹಾಡನ್ನು ಮುದ್ರಿಸಿಕೊಳ್ಳುವಂತೆಯೇ ತೆಗೆದುಕೊಂಡು, ಮತ್ತೆ ಅಕ್ಷರವಾಗಿ ಬಿಡಿಸುವ ಸಾಧನಗಳನ್ನು ಹವ್ಯಾಸಿಗಳು ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ನಮ್ಮ ಹದಿನಾಲ್ಕರಲ್ಲಿ ಒಂಬತ್ತು ಓದಲ್ಪಟ್ಟವು. ಅವುಗಳಲ್ಲಿ ಒಂದು, ವಿದ್ಯಾರ್ಥಿನಿಲಯದಲ್ಲಿ ಇಷ್ಟು ಮಂದಿ ಹುಡುಗಿಯರಿದ್ದರೆ ತಿಂಗಳಿಗೆ ಎಷ್ಟು ರಾಗಿ ಬೇಕು ಎಂದು ಎಣಿಸುವ ಲೆಕ್ಕಾಚಾರ. ರಜೆಗೆ ಊರಿಗೆ ಹೋದವರನ್ನು ಕಳೆಯುವುದಕ್ಕೂ ಅದರಲ್ಲಿ ಏರ್ಪಾಡು ಇದೆ. ಮುದ್ದೆಯ ಗಾತ್ರವನ್ನು ಕುರಿತು ಬರೆದವಳಿಗಿದ್ದ ಉದಾರ ಭಾವನೆಯನ್ನು ನೋಡಿ ಈಗಿನ ನಿಲಯಪಾಲಕಿಯವರು ಬೆರಗಾದರು.

ನಂತರದ ಕಾಲದ ಫ್ಲಾಪಿಗಳು ಮಾತ್ರ ನಮ್ಮನ್ನು ಹೆಚ್ಚು ವ್ಯಸನಗೊಳಿಸಿದವು. 1999ರಿಂದ ಮುಂದಿನ ಪ್ರಶ್ನಪತ್ರಿಕೆಗಳೂ ವರದಿಗಳೂ ಅವುಗಳಲ್ಲಿವೆ. ಫ್ಲಾಪಿಯನ್ನು ಓದುವ ಪೆಟ್ಟಿಗೆ ಸಿಕ್ಕಿತು, ಬರಹವೂ ತೆರೆಯಿತು. ತೆರೆದರೆ ಕನ್ನಡವಿಲ್ಲ, ಇಂಗ್ಲಿಷಿನ ವಿಚಿತ್ರ ಚಿಹ್ನೆಗಳ ರಾಶಿ. ಆಗಿನ ಕನ್ನಡ ಸಾಧನಗಳು ಇಂಗ್ಲಿಷು ಅಕ್ಷರಗಳಿಗೆಂದು ಗೊತ್ತುಮಾಡಿದ ಅಂಕಿಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು, ಒಬ್ಬೊಬ್ಬರದು ಒಂದೊಂದು ಕ್ರಮ. ಸರ್ವಸಮ್ಮತವಾದ ಯುನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಪಾಠಶಾಲೆಗಳ ಮೇಜಿಗೆ ಬರಲು ಹದಿನೈದು ವರ್ಷಗಳಿಗೂ ಹೆಚ್ಚು ಹಿಡಿಯಿತು. ಯಾವ ಅಕ್ಷರಶೈಲಿಯಲ್ಲಿ ಟೈಪು ಮಾಡಲ್ಪಟ್ಟಿದೆಯೆಂದು ತಿಳಿದರೆ ಯುನಿಕೋಡಿಗೆ ಬದಲಿಸುವ ಸಾಧನಗಳು ಇವೆ. ಅದನ್ನು ಫ್ಲಾಪಿಯ ಚೀಟಿಯ ಮೇಲೆ ಬರೆದಿಟ್ಟಿದ್ದ ಗುಮಾಸ್ತರೊಬ್ಬರ ಕಟ್ಟು ಪೂರ್ತಿಯಾಗಿ ಉಳಿಯಿತು. ಉಳಿದವುಗಳನ್ನು ಒಂದೊಂದಾಗಿ ಊಹಿಸುತ್ತಿದ್ದೇವೆ.

ಇವುಗಳನ್ನು ಎಲ್ಲರಿಗೂ ತೋರಿಸಬಹುದೇ ಎಂಬ ಪ್ರಶ್ನೆಯೊಂದಿದೆ. 1957ರ ಕೃತಿಸ್ವಾಮ್ಯದ ಕಾನೂನಿನ ಪ್ರಕಾರ ಗ್ರಂಥಕರ್ತರು ತೀರಿಕೊಂಡ ಮೇಲೆ 60 ವರ್ಷಗಳವರೆಗೆ ಹಕ್ಕು ಅವರ ವಾರಸುದಾರರದು. ಆದುದರಿಂದ 1982ರ ಪುಸ್ತಕವು ಹಳೆಯದಾಗಿ ಕಂಡರೂ ಕಾನೂನಿಗೆ ಕೂಸು. ಲಾಭಕ್ಕಾಗಿ ಅಲ್ಲದ ಸಾರ್ವಜನಿಕ ಪುಸ್ತಕಭಂಡಾರವು ತನ್ನಲ್ಲಿರುವ ಕಾಗದದ ಪ್ರತಿಯನ್ನು ಉಳಿಸುವುದಕ್ಕಾಗಿ ವಿದ್ಯುನ್ಮಾನದ ಪ್ರತಿಯನ್ನು ಮಾಡಿಟ್ಟುಕೊಳ್ಳಲು 2012ರ ತಿದ್ದುಪಡಿಯು ಅವಕಾಶ ಕೊಟ್ಟಿದೆ. ಇಟ್ಟುಕೊಳ್ಳುವುದು ಬೇರೆ, ಹಂಚುವುದು ಬೇರೆ. ಅಚ್ಚಾದ ಪುಸ್ತಕಗಳನ್ನು ನಾವು ಹಂಚುವುದಿಲ್ಲ. ಕೆಂಪು ಪುಸ್ತಕಕ್ಕೆ ಮಾತ್ರ ಬರೆದವರ ಅಪ್ಪಣೆಯನ್ನೇ ಕೇಳಬೇಕೆಂದು ಹೊರಟೆವು.

ಅವರು ನಿವೃತ್ತರಾಗಿ ಶ್ರೀನಿವಾಸಪುರದ ಹತ್ತಿರ ಮಾವಿನ ತೋಪುಗಳ ನಡುವೆ ಮಗನ ಮನೆಯಲ್ಲಿದ್ದಾರೆ. ಕಣ್ಣು ಸ್ವಲ್ಪ ಮಂದವಾಗಿದೆ, ನಾಲಿಗೆ ಹಿಂದಿನಂತೆಯೇ ಇದೆ. ಪುಸ್ತಕವನ್ನು ಕೈಯಲ್ಲಿಟ್ಟೊಡನೆ, 'ಏನಮ್ಮಾ, ಇದನ್ನು ಇನ್ನೂ ಇಟ್ಟುಕೊಂಡಿದ್ದೀಯಾ? ಒಲೆಗೆ ಹಾಕಬಾರದಾಗಿತ್ತೇ?' ಎಂದರು. 'ಟೀಚರ್, ಇದನ್ನು ಎಲ್ಲರೂ ನೋಡಬೇಕು' ಎಂದೆವು. 'ಕ್ಷ ಹಿಡಿಸಲೇ ಇಲ್ಲ, ಅದನ್ನು ಏನು ನೋಡುತ್ತಾರೆ?' ಎಂದು ನಕ್ಕರು. ಚೌಕುಳಿ ಪುಟಗಳನ್ನು ಬೆರಳಿನಿಂದ ಸವರಿ ನೋಡಿ, ಪಾಠಗಳನ್ನೂ ಅಕ್ಷರಗಳನ್ನೂ ಯಾರಿಗೆ ಬೇಕಾದರೂ ತೋರಿಸಬಹುದೆಂದು ಒಪ್ಪಿದರು. ಅನಂತರ ತಾವೇ ಪುಸ್ತಕವನ್ನು ತಿರುಗಿಸಿ ಕಡೆಯ ನಾಲ್ಕು ಹಾಳೆಗಳನ್ನು ತೆರೆದು, ಅವುಗಳನ್ನು ಈಗಲೇ ಹರಿದುಕೊಡೆಂದು ಹೇಳಿದರು.

ಆ ಹಾಳೆಗಳಲ್ಲಿ 1993ರ ತರಗತಿಯ ಹನ್ನೊಂದು ಹುಡುಗಿಯರ ಹೆಸರುಗಳಿವೆ. ಹೆಸರಿನ ಮುಂದೆ, ಯಾರು ಯಾವ ಪಾಠದವರೆಗೆ ಬಂದರು ಎಂದು ಗುರುತು. ಆರು ಹೆಸರುಗಳ ಮುಂದೆ ಗುರುತು ನಡುವೆ ನಿಂತು, ಒಂದು ತಾರೀಖೂ ಒಂದು ಮಾತೂ ಇವೆ: ಮದುವೆ, ಮದುವೆ, ತಾಯಿಗೆ ಖಾಯಿಲೆ, ರೇಷ್ಮೆ ಕೆಲಸ, ಕೂಲಿ, ಮದುವೆ. ಅವಳು ಬರೆದ ಲೆಕ್ಕಾಚಾರ ಯಾವ ಕ್ಯಾಸೆಟ್ಟಿನಲ್ಲಿದೆಯೆಂಬ ಅಂಕಿ ಅದರ ಪಕ್ಕದಲ್ಲಿದೆ. ರಾಗಿಯ ಲೆಕ್ಕವನ್ನು ಬರೆದವಳು ಎಂಟನೆಯ ತರಗತಿಯನ್ನು ಮುಗಿಸಲಿಲ್ಲ. ನಾಲ್ಕನೆಯ ಹೆಸರು ನಮ್ಮದು. ಅದರ ಮುಂದಣ ಗುರುತುಗಳು ಕಡೆಯವರೆಗೂ ಹೋಗಿವೆ.

ಇಡೀ ಪುಸ್ತಕದಲ್ಲಿ ಇವೇ ಎಲ್ಲಕ್ಕಿಂತ ಉಳಿಯತಕ್ಕ ಹಾಳೆಗಳೆಂದು ನಾವು ವಾದಿಸಿದೆವು. ಯಂತ್ರದ ವಿಷಯವನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ, ಅದರ ಎದುರಿಗೆ ಕುಳಿತಿದ್ದವರ ವಿಷಯವನ್ನು ಹೇಳುವುದು ಇದೊಂದೇ ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, 'ಅವರು ಈಗ ಸೊಸೆ ಮೊಮ್ಮಕ್ಕಳನ್ನು ಕಂಡವರು. ಶಾಲೆಯನ್ನು ಏಕೆ ಬಿಟ್ಟರೆಂದು ಊರಿಗೆಲ್ಲ ಓದಿ ಹೇಳುವುದಕ್ಕೆ ಅವರು ಯಾರೂ ನನಗೆ ಅಪ್ಪಣೆ ಕೊಟ್ಟಿಲ್ಲ. ನಾನು ಬರೆದದ್ದು ಅವರನ್ನು ಮರಳಿ ಕರೆಯಬೇಕೆಂದು, ತೋರಿಸಬೇಕೆಂದಲ್ಲ' ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗೆಂದು ಹರಿಯುವುದಕ್ಕೂ ಕೈ ಬರಲಿಲ್ಲ. ಕೊನೆಗೆ ಹೀಗೆ ಒಡಂಬಡಿಕೆಯಾಯಿತು: ಆ ನಾಲ್ಕು ಹಾಳೆಗಳು ಪುಸ್ತಕದಲ್ಲಿಯೇ ಇರತಕ್ಕದ್ದು, ಅವುಗಳ ಪ್ರತಿಬಿಂಬವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಇಡತಕ್ಕದ್ದು, ಆ ಹನ್ನೊಂದು ಮಂದಿಯಲ್ಲಿ ಯಾರಾದರೂ ಬಂದು ತಮ್ಮ ಸಾಲನ್ನು ತೋರಿಸಬಹುದೆಂದು ಹೇಳುವವರೆಗೆ ಅವಳ ಸಾಲನ್ನು ಯಾರಿಗೂ ತೋರಿಸತಕ್ಕದ್ದಲ್ಲ. ಕಾರಣಗಳನ್ನು ಮಾತ್ರ ಹೆಸರಿಲ್ಲದೆ ಇಲ್ಲಿ ಹೇಳಲು ಅಪ್ಪಣೆಯನ್ನು ಪಡೆದಿದ್ದೇವೆ. ಇದುವರೆಗೆ ಇಬ್ಬರು ಬಂದಿದ್ದಾರೆ. ಅವರಲ್ಲಿ ಒಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದು, ತಾವು ಬರೆದ ಲೆಕ್ಕಾಚಾರವು ಪರದೆಯ ಮೇಲೆ ಓಡುವುದನ್ನು ನಿಂತು ನೋಡಿ, ಏನೂ ಹೇಳದೆ ಬಸ್ಸಿನ ಹೊತ್ತಾಯಿತೆಂದು ಹೋದರು.

ಪುಸ್ತಕದ ಕ್ಯಾಸೆಟ್ಟು ಪಟ್ಟಿಯಲ್ಲಿ 'ಅಕ್ಷರ 1', 'ಅಕ್ಷರ 2' ಎಂದು ಎರಡು ಹೆಸರುಗಳಿವೆ. ಮೊದಲನೆಯದು ನಮ್ಮಲ್ಲಿದೆ, ಅದರಲ್ಲಿ ಸ್ವರಗಳು ಮಾತ್ರ ಇವೆ. ಎರಡನೆಯದು ಟ್ರಂಕಿನಲ್ಲಿರಲಿಲ್ಲ. ರಜೆಯಲ್ಲಿ ಅಭ್ಯಾಸಕ್ಕೆಂದು ಯಾರೋ ಮನೆಗೆ ತೆಗೆದುಕೊಂಡು ಹೋದಂತೆ ನಮ್ಮ ಉಪಾಧ್ಯಾಯಿನಿಯವರಿಗೆ ನೆನಪು. 1991ರಿಂದ 1995ರವರೆಗೆ ಇಲ್ಲಿ ಓದಿದವರು ದಯವಿಟ್ಟು ತಮ್ಮ ಮನೆಯ ಹಳೆಯ ಹಾಡಿನ ಕ್ಯಾಸೆಟ್ಟುಗಳ ನಡುವೆ ಒಮ್ಮೆ ಹುಡುಕಬೇಕು. ಬಿಳಿಯ ಚೀಟಿ, ಹಸಿರು ಮಸಿ. ಸಿಕ್ಕಿದರೆ ಟೇಪ್ ರೆಕಾರ್ಡರಿಗೆ ಹಾಕಿ ನೋಡಬೇಡಿರಿ, ತಿರುಗಿಸಲೂ ಬೇಡಿರಿ. ಹಾಗೆಯೇ ಬಟ್ಟೆಯಲ್ಲಿ ಸುತ್ತಿ, ಶನಿವಾರ ಮಧ್ಯಾಹ್ನ ಪುಸ್ತಕಭಂಡಾರಕ್ಕೆ ತಂದುಕೊಡಿರಿ. ಆ ಹೊತ್ತಿನಲ್ಲಿ ಹುಡುಗಿಯರೂ ನಾವೂ ಅಲ್ಲಿಯೇ ಇರುತ್ತೇವೆ.